ಉಗುರಿಗೆ ಸಿಗದ ಗೀರು

ಹಾಸಿಗೆಯ ಹೊದಿಕೆಗಳನ್ನು ನೆನೆಸಿದ್ದ ಸಾಬೂನು ನೀರು ಅರ್ಧ ಬಕೆಟ್ ಉಳಿದಿತ್ತು. ಅದನ್ನು ಸುಮ್ಮನೆ ಚೆಲ್ಲಲು ಮನಸ್ಸಾಗದೆ ಅವಳು ಅಂಗಳಕ್ಕೆ ಹೊತ್ತು ತಂದು ಕಾರು ಒರೆಸುತ್ತಿದ್ದಳು. ಮೂತಿ ಮುಗಿದಿತ್ತು, ಬಲಗಡೆ ಮುಗಿದಿತ್ತು, ಎಡಗಡೆಯ ಮುಂಬಾಗಿಲೂ ಮುಗಿದಿತ್ತು. ಹಿಂಬಾಗಿಲಿಗೆ ಬಂದಾಗ ಕೈ ನಿಂತಿತು.

ಹಿಡಿಕೆಯ ಕೆಳಗೆ ಒಂದು ಗೀರು. ಹೆಚ್ಚೇನಿಲ್ಲ, ಗೇಣಿಗೆ ಕೊಂಚ ಕಡಿಮೆ. ಅದರ ಉದ್ದಕ್ಕೂ ಅಲ್ಲಲ್ಲಿ ಹಳದಿ ಬಣ್ಣ ಮೆತ್ತಿಕೊಂಡಿತ್ತು, ಹಾಲು ಕದ್ದು ಕುಡಿದು ಮೀಸೆ ಒರೆಸಿಕೊಳ್ಳಲು ಮರೆತ ಬೆಕ್ಕಿನ ಹಾಗೆ. ಅಂಚಿನಲ್ಲಿ ಒಣಗಿದ ಬಿಳಿ ಪುಡಿ. ಅವಳು ಬಗ್ಗಿ ಮೂಗು ಹತ್ತಿರ ಒಯ್ದಳು. ಪುದೀನದ ವಾಸನೆ ಬಂದಂತಾಯಿತು. ಆಗಷ್ಟೇ ಹಲ್ಲುಜ್ಜಿದ್ದ ತನ್ನ ಬಾಯಿಯದೇ ಇರಬೇಕು ಎಂದುಕೊಂಡಳು. ಗಾಬರಿಯಾದವರಿಗೆ ಸಾಕ್ಷಿಗಳೆಲ್ಲ ತಮ್ಮ ವಿರುದ್ಧವೇ ನಿಂತ ಹಾಗೆ ಕಾಣುತ್ತವೆ.

ನಿನ್ನೆಯಲ್ಲವೇ ಅವಳು ಮೊದಲ ಸಲ ಒಬ್ಬಳೇ ಕಾರು ತೆಗೆದುಕೊಂಡು ಹೋಗಿದ್ದು! ಊರಾಚೆ, ಸೇತುವೆ ದಾಟಿ ಇನ್ನೂ ಬಹಳ ದೂರ ಹೋದರೆ ಕಿವಿ ಕೇಳದ ಮಕ್ಕಳ ಶಾಲೆಯಿದೆ. ಸೋಮವಾರದಿಂದ ಅಲ್ಲಿ ಚಿತ್ರ ಕಲಿಸುವ ಕೆಲಸ ಅವಳಿಗೆ ಸಿಕ್ಕಿತ್ತು. ಬಸ್ಸು ಸೇತುವೆಯ ಈಚೆಗೇ ತಿರುಗಿಬಿಡುತ್ತದೆ. ಕಾರಿದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಗಂಡನ ಆಫೀಸಿಗೆ ಆಫೀಸಿನದೇ ಬಸ್ಸು ಬರುತ್ತಿತ್ತು, ಕಾರು ವಾರವೆಲ್ಲ ಅಂಗಳದಲ್ಲಿ ಮುಸುಕು ಹೊದ್ದು ಮಲಗಿರುತ್ತಿತ್ತು. ಆದರೂ ಅವನು ಕೊನೆಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ: "ಒಂದೇ ಒಂದು ಗೀರು ಬೀಳ್ಲಿ, ಅವತ್ತೇ ಕೀಲಿ ವಾಪಸ್."

ಹಾಗೆ ಹೇಳಿದವನು ಮೊನ್ನೆ ಇದ್ದಕ್ಕಿದ್ದಂತೆ ಬದಲಾಗಿದ್ದ. ಪರಊರಿಗೆ ಹೊರಡುವ ದಿನ ಏನೋ ಸಾಮಾನು ಸಾಗಿಸಬೇಕೆಂದು ಆಫೀಸಿಗೆ ಕಾರಿನಲ್ಲೇ ಹೋಗಿ ಬಂದವನು, ಅದನ್ನು ಬೀದಿಯಲ್ಲೇ ಬಿಟ್ಟು ಒಮ್ಮೆ ಬಚ್ಚಲಿಗೆ ಓಡಿ, ಮತ್ತೆ ಹೊರಗೆ ಹೋಗಿ, ಎಂದೂ ಇಲ್ಲದೆ ಹಿಮ್ಮುಖವಾಗಿ ತಂದು ಎಡಮೈ ಗೋಡೆಗೆ ಅಂಟುವಂತೆ ನಿಲ್ಲಿಸಿದ. ಮುಸುಕು ಹಾಕಿದ. ಒಳಗೆ ಬಂದು ಕೀಲಿಯನ್ನು ಅವಳ ಅಂಗೈಯಲ್ಲಿಟ್ಟು ಬೆರಳುಗಳನ್ನು ತಾನೇ ಮಡಚಿದ. "ಸೋಮವಾರದ ತನಕ ಯಾಕೆ ಕಾಯ್ತೀಯ? ನಾಳೇನೇ ಒಂದು ಸುತ್ತು ಹೋಗ್ಬಾ. ಕಾರು ನಿಂದೇ ಅಂದ್ಕೋ" ಎಂದ. ಕಂಬಳಿಯಲ್ಲಿ ಅರ್ಧ ಬಿಟ್ಟುಕೊಡಲು ಹಿಂದೆ ಮುಂದೆ ನೋಡುವ ಮನುಷ್ಯ. ಅವಳಿಗೆ ಕಣ್ಣು ತುಂಬಿ ಬಂದಿತ್ತು.

ನಿನ್ನೆ ಕಾರಿನೊಳಗೆ ಕೂತು ಬಾಗಿಲು ಎಳೆದುಕೊಂಡಾಗ ಹೊರಗಿನ ಸದ್ದೆಲ್ಲ ತಟ್ಟನೆ ನಿಂತುಹೋಗಿತ್ತು. ಮನೆಯಲ್ಲಿ ಅವಳು ಒಳಗಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು ಬಚ್ಚಲಿನದೊಂದೇ. ಅದನ್ನೂ ಅತ್ತೆ ಬಂದು ತಟ್ಟುತ್ತಿದ್ದರು. ಕಾರಿನ ಬಾಗಿಲನ್ನು ಯಾರೂ ತಟ್ಟಲಿಲ್ಲ. ಶಾಲೆಯವರೆಗೆ ಹೋಗಿ, ಗೇಟು ನೋಡಿ, ವಾಪಸು ಬಂದು, ಮೂತಿ ಮುಂದಾಗಿ ನಿಲ್ಲಿಸಿ, ಬಲಗಡೆಯಿಂದ ಇಳಿದು ಹಾಡು ಗುನುಗುತ್ತ ಒಳಗೆ ಹೋಗಿದ್ದಳು. ಎಡಗಡೆ ಏನಾಗಿದೆ ಎಂದು ನೋಡುವ ಬುದ್ಧಿ ಬಂದಿರಲಿಲ್ಲ.

ಎಲ್ಲಿ ತಾಗಿತು? ಸಂತೆಯ ಮೂಲೆಯಲ್ಲೇ? ಸೇತುವೆಯ ಕಟಕಟೆಗೇ? ಹಳದಿ ಬಣ್ಣದ ಯಾವ ವಸ್ತುವೂ ನೆನಪಿಗೆ ಬರಲಿಲ್ಲ. ಗಂಡ ಬರುವುದು ಇಂದು ಸಂಜೆ.

ಅವಳು ಮೊದಲು ಫೋನು ಮಾಡಿದ್ದು ದೊಡ್ಡ ರಸ್ತೆಯಲ್ಲಿ ಕಾರುಗಳಿಗೆ ಹೊಳಪು ಕೊಡುವ ಡೀಟೇಲಿಂಗ್ ಅಂಗಡಿಗೆ.

"ಉಗುರು ಆಡಿಸಿ ನೋಡಿ ಮೇಡಂ," ಎಂದ ಅಂಗಡಿಯವನು. "ಸಿಕ್ಕಿಹಾಕ್ಕೊಳ್ಳುತ್ತಾ, ಜಾರುತ್ತಾ?"

ಆಡಿಸಿ ನೋಡಿದಳು. "ಜಾರುತ್ತೆ."

"ಹಾಗಾದ್ರೆ ಮೇಲ್ಪದರದ ಗೀರು. ಉಗುರಿಗೆ ಸಿಕ್ಕಿದ್ರೆ ಹೊಸ ಬಣ್ಣ ಹೊಡೀಬೇಕಿತ್ತು. ಇದು ಉಜ್ಜೋ ಕಾಂಪೌಂಡ್ ಹಾಕಿ ಮೆಷಿನ್ ಬಿಟ್ರೆ ಹೋಯ್ತು. ಕಾರು ತನ್ನಿ, ಸಂಜೆಗೆ ಕೊಟ್ಬಿಡ್ತೀವಿ."

ಅವಳಿಗೆ ಹೋದ ಜೀವ ಬಂದಂತಾಯಿತು. ಕಾರಿನ ನಂಬರು ಹೇಳಿದಳು.

"ಓ, ಸಾರ್ ಗಾಡಿ! ಹಿಂದೊಂದು ಸಲ ಬಂದಿತ್ತಲ್ಲ. ಸಾರ್ ಮೊಬೈಲ್ ನಂಬರ್ ನಮ್ಮ ಹತ್ರ ಇದೆ. ಉಜ್ಜೋಕೆ ಮುಂಚೆ ಒಂದು ಫೋಟೋ, ಆಮೇಲೆ ಒಂದು ಫೋಟೋ ಅವರಿಗೇ ಹೋಗುತ್ತೆ."

"ಫೋಟೋ ಬೇಡ."

"ಹಾಗಾಗಲ್ಲ ಮೇಡಂ, ಅದು ತಾನಾಗೇ ಹೋಗುತ್ತೆ. ನಮ್ಮಲ್ಲಿ ಮುಚ್ಚುಮರೆ ಅನ್ನೋದೇ ಇಲ್ಲ."

ಅವಳಿಗೆ ಬೇಕಾಗಿದ್ದು ಮುಚ್ಚುಮರೆಯೇ. "ಸಾರಿ, ರಾಂಗ್ ನಂಬರ್" ಎಂದು ಫೋನಿಟ್ಟಳು.

"ಎಂಟು ಇಂಚಾ?" ಎಂದು ಮೇಲಿನಿಂದ ಧ್ವನಿ ಬಂತು.

ಮಹಡಿಯ ಮನೆಯ ಸರ್ವೇಯರ್ ಮಾವ. ಜೀವಮಾನವಿಡೀ ಊರಿನ ನೆಲ ಅಳೆದವರು. ಅವರು ನಿವೃತ್ತರಾದರೂ ಜೇಬಿನ ಅಳತೆ ಟೇಪು ನಿವೃತ್ತವಾಗಿರಲಿಲ್ಲ.

"ಯಾವುದು ಮಾವ?"

"ಅದೇ ಕಣಮ್ಮ, ನೀನು ಮೈ ಅಡ್ಡ ಇಟ್ಟು ಮುಚ್ತಾ ಇದೀಯಲ್ಲ, ಅದು."

ಅವರು ಇಳಿದು ಬರುವಷ್ಟರಲ್ಲಿ ಎದುರು ಮನೆಯಿಂದ ಪಾರ್ಲರ್ ಅಕ್ಕನೂ ರಸ್ತೆ ದಾಟಿ ಬಂದಾಗಿತ್ತು. ಮುಂದಿನ ಕೋಣೆಯಲ್ಲೇ ಬ್ಯೂಟಿ ಪಾರ್ಲರ್ ಇಟ್ಟುಕೊಂಡಾಕೆ. ಗಿರಾಕಿಯೊಬ್ಬಳ ಮುಖಕ್ಕೆ ಹಸಿರು ಲೇಪ ಬಳಿದು, ಒಣಗಲಿ ಎಂದು ಬಿಟ್ಟು, ಕೈಗೆ ಗ್ಲೌಸು ಹಾಕಿಕೊಂಡೇ ಓಡಿ ಬಂದಿದ್ದಳು. ಬೀದಿಯಲ್ಲಿ ಇಬ್ಬರು ತಲೆ ಬಗ್ಗಿಸಿ ಒಂದೇ ಕಡೆ ನೋಡುತ್ತಿದ್ದರೆ ಅಕ್ಕ ಮೂರನೆಯವಳಾಗಿ ಇರಲೇಬೇಕು.

"ಅಯ್ಯೋ ದೇವರೇ! ಗೀರು!"

"ಮೆತ್ತಗೆ ಅಕ್ಕ," ಎಂದು ಅವಳು ಕಿಟಕಿಯ ಕಡೆ ಕಣ್ಣು ತೋರಿಸಿದಳು. ಕಿಟಕಿಯ ಒಳಗೆ ಮಂಡಿನೋವಿನ ಅತ್ತೆಯ ಮಂಚವಿತ್ತು. ಅತ್ತೆಗೆ ನಡೆಯಲು ಕಷ್ಟ, ಕೇಳಿಸಿಕೊಳ್ಳಲು ಏನೂ ಕಷ್ಟವಿರಲಿಲ್ಲ.

ಅವಳು ಪಿಸುಮಾತಿನಲ್ಲಿ ಕತೆಯೆಲ್ಲ ಹೇಳಿದಳು. ಷರತ್ತು, ಶಾಲೆ, ಸೋಮವಾರ. ಅಂಗಡಿಯ ಫೋಟೋದ ಮಾತಿಗೆ ಬರುವ ಮುಂಚೆಯೇ ಇಬ್ಬರೂ ತಮ್ಮ ತಮ್ಮ ಪಕ್ಷ ಹಿಡಿದಾಗಿತ್ತು.

"ಮುಟ್ಬೇಡ! ಅಂಗಡಿಗೆ ಬಿಡು," ಎಂದಳು ಅಕ್ಕ. "ಮನೇಲಿ ತಾವೇ ಮಾಡ್ಕೊಳ್ಳೋಕೆ ಹೋಗಿ, ಒಂದು ಹುಬ್ಬು ಕಳ್ಕೊಂಡು, ಕೈ ಅಡ್ಡ ಹಿಡ್ಕೊಂಡು ನನ್ನ ಹತ್ರ ಓಡಿ ಬರ್ತಾರಲ್ಲ, ಅವರನ್ನ ಕೇಳು. ಕಸುಬು ಕಸುಬಿನವರಿಗೇ ಬಿಡ್ಬೇಕು."

"ಕಸುಬಿನವರು ಅಂದ್ರೆ ಯಾರಮ್ಮ?" ಎಂದರು ಮಾವ. "ಒಂದು ಚಿಂದಿ, ಒಂದು ಡಬ್ಬಿ ಇಟ್ಕೊಂಡೋರು. ಅವರ ಬಾಗಿಲಿಗೆ ಬೋರ್ಡ್ ಇದೆ, ನಮ್ಮ ಬಾಗಿಲಿಗಿಲ್ಲ. ಅಷ್ಟೇ ವ್ಯತ್ಯಾಸ."

"ಹಾಗಿದ್ರೆ ನಿಮ್ಮ ಹಲ್ಲೂ ನೀವೇ ಕಿತ್ಕೊಳ್ಳಿ ಮಾವ."

"ಕಿತ್ಕೊಂಡಿದೀನಿ," ಎಂದು ಮಾವ ಬಾಯಿ ತೆರೆದು ಸಂದು ತೋರಿಸಿದರು.

ಅಕ್ಕ ಬಗ್ಗಿ ಆ ಸಂದನ್ನು ನೋಡಿದಳು. ಅಷ್ಟರಲ್ಲಿ ಫೋಟೋದ ವಿಷಯವೂ ತಿಳಿದು, "ಹಾಗಾದ್ರೆ ಮನೆಮದ್ದೇ ಗತಿ" ಎಂದು ನಿಟ್ಟುಸಿರು ಬಿಟ್ಟು ಗ್ಲೌಸು ಸರಿ ಮಾಡಿಕೊಂಡಳು.

"ಏನದು ಗುಸುಗುಸು?" ಕಿಟಕಿಯಿಂದ ಅತ್ತೆ.

"ಕಾರು ಒರೆಸ್ತಾ ಇದೀವಿ ಅತ್ತೆ."

"ಕಾರು ಒರೆಸೋಕೆ ಮೂರು ಜನಾನಾ? ಹೆಣ ಎತ್ತೋಕೂ ನಾಲ್ಕೇ ಸಾಕು."

ಮಾವನ ಮೊದಲ ಮದ್ದು ಟೂತ್‌ಪೇಸ್ಟ್. "ಸಣ್ಣ ಗೀರಿಗೆ ಅದಕ್ಕಿಂತ ಬೇಕಾ? ಹಲ್ಲಿಗೆ ಆಗೋದು ಕಾರಿಗೆ ಆಗಲ್ವಾ?" ಅವಳು ಬಚ್ಚಲಿಗೆ ಹೋದಳು. ವಾರದ ಹಿಂದೆಯಷ್ಟೇ ತೆರೆದ ಟ್ಯೂಬು, ರೋಡ್ ರೋಲರ್ ಹತ್ತಿಸಿದ ಹಾಗೆ ಚಪ್ಪಟೆಯಾಗಿ ಬಿದ್ದಿತ್ತು. ಬೆಳಿಗ್ಗೆ ಕೊನೆಯ ಹನಿ ಹಿಂಡಿಕೊಂಡೇ ಅವಳು ಹಲ್ಲುಜ್ಜಿದ್ದು. ಅತ್ತೆ ಹಲ್ಲುಸೆಟ್ಟು ತೊಳೆಯಲು ಸುರುವಿಕೊಂಡಿರಬೇಕು ಎಂದುಕೊಂಡು ಬರಿಗೈಯಲ್ಲಿ ಬಂದಳು.

ಮಾವ ಎರಡನೆಯ ಮದ್ದು ತಂದರು. ಅವರ ಸ್ಕೂಟರಿನ ಕಾಲದ ಉಜ್ಜುವ ಕಾಂಪೌಂಡಿನ ಡಬ್ಬಿ. ಒಳಗಿನದು ಒಣಗಿ ಕಲ್ಲಾಗಿತ್ತು. ಅಕ್ಕ ಅದಕ್ಕೆ ಎಣ್ಣೆ ಹಾಕಿ, ಮುಖಕ್ಕೆ ಲೇಪ ಕಲಸುವ ಬಟ್ಟಲಿನಲ್ಲಿ, ಲೇಪ ಕಲಸುವ ಚಮಚದಲ್ಲಿ ಹದ ಮಾಡಿದಳು. "ದುಂಡಗೆ ತಿರುಗಿಸು. ಮೇಲ್ಮುಖವಾಗಿ. ಕೆಳಗೆ ಎಳೀಬೇಡ, ಚರ್ಮ ಜೋತು ಬೀಳುತ್ತೆ" ಎಂದು ಹೇಳಿಕೊಟ್ಟಳು.

ಅವಳು ಹಳೆಯ ಬನಿಯನ್ನಿನ ತುಂಡಿನಲ್ಲಿ ಉಜ್ಜಿದಳು. ಮೊದಲು ಬಿಳಿ ಪುಡಿ ಹೋಯಿತು. ಆಮೇಲೆ ಹಳದಿ ಹೋಯಿತು. ಇನ್ನಷ್ಟು ಉಜ್ಜಿದಾಗ ಗೀರು ಕೂದಲೆಳೆಯಷ್ಟಾಗಿ, ನೋಡುತ್ತಿದ್ದಂತೆ ಅದೂ ಮಾಯವಾಯಿತು. ಹಳದಿ ಮೆತ್ತಿದ ಬನಿಯನ್ ತುಂಡನ್ನು ಅವಳು ಮೋರಿಯ ನಲ್ಲಿಯ ಕೆಳಗೆ ಹಿಡಿದು ಬಣ್ಣದ ಕುರುಹೂ ಉಳಿಯದಂತೆ ಹಿಂಡಿ ತೆಗೆದಳು. ಮೂವರ ಮುಖದಲ್ಲೂ ಮಗು ಹುಟ್ಟಿದ ಮನೆಯ ಕಳೆ.

"ನೋಡಿದ್ಯಾ? ಬೋರ್ಡ್ ಇಲ್ಲದೋರ ಕೈಚಳಕ!" ಎಂದು ಮಾವ ಎರಡು ಹೆಜ್ಜೆ ಹಿಂದೆ ಸರಿದರು. ಸರಿದವರು ಅಲ್ಲೇ ನಿಂತರು.

ಕಾರು ನೀಲಿಯದೇ. ಆದರೆ ಬಿಸಿಲಿಗೆ ಬೆಂದು ಬೆಂದು ಬೂದಿ ಬಣ್ಣಕ್ಕೆ ತಿರುಗಿ ಎಷ್ಟೋ ಕಾಲವಾಗಿತ್ತು. ಈಗ ಆ ಬೂದಿಯ ನಡುವೆ ಒಂದು ತಟ್ಟೆಯಗಲ ಅಪ್ಪಟ ನೀಲಿ ಹೊಳೆಯುತ್ತಿತ್ತು, ಮಸಿ ಹಿಡಿದ ಗೋಡೆಯಲ್ಲಿ ಕ್ಯಾಲೆಂಡರ್ ತೆಗೆದ ಜಾಗದ ಹಾಗೆ. ಗೀರನ್ನು ಕಾಣಲು ಬಗ್ಗಿ ನೋಡಬೇಕಿತ್ತು. ಇದು ಬೀದಿಯ ಕೊನೆಯಿಂದಲೇ ಕಾಣುತ್ತಿತ್ತು.

"ಅಂಚು ಸ್ವಲ್ಪ ಹರಡಿಬಿಡು," ಎಂದಳು ಅಕ್ಕ. ಹರಡಿದಳು. ತಟ್ಟೆಯಗಲದ್ದು ಪರಾತದಗಲವಾಯಿತು.

"ಹೀಗೆ ಅಡ್ಡಾದಿಡ್ಡಿ ಹೋದ್ರೆ ಊರೆಲ್ಲ ಹರಡುತ್ತೆ. ಗಡಿ ಹಾಕ್ಬೇಕು," ಎಂದ ಮಾವ ಟೇಪು ಎಳೆದು, ಬಾಗಿಲಿನ ನಟ್ಟನಡುವೆ ಒಂದು ಚೌಕ ಅಳೆದು, ಜೇಬಿನ ಮಾರ್ಕರ್ ಪೆನ್ನಿನಲ್ಲಿ ನಾಲ್ಕೂ ಗೆರೆ ಎಳೆದೇಬಿಟ್ಟರು. ಗೆರೆಗಳು ನೇರವಾಗಿದ್ದವು. ನೇರವಾಗಿದ್ದಷ್ಟೇ ಗಟ್ಟಿಯಾಗಿಯೂ ಇದ್ದವು. ಸಾಬೂನಿಗೆ ಹೋಗಲಿಲ್ಲ, ಎಣ್ಣೆಗೆ ಹೋಗಲಿಲ್ಲ.

"ಮಾವ, ಇದು ಅಳಿಸೋ ಪೆನ್ನಲ್ವಾ?"

"ಸರ್ಕಾರಿ ಕಲ್ಲಿಗೆ ಬರೀತಿದ್ದ ಪೆನ್ನು ಕಣಮ್ಮ. ಅಳಿಸೋ ಪೆನ್ನಲ್ಲಿ ಗಡಿ ಹಾಕಿದ್ರೆ ದೇಶ ಉಳಿಯುತ್ತಾ?"

ಅಕ್ಕ ಓಡಿಹೋಗಿ ಉಗುರುಬಣ್ಣ ತೆಗೆಯುವ ದ್ರಾವಣ ತಂದಳು. ಗೆರೆ ಹೋಯಿತು. ಗೆರೆಯ ಜೊತೆ ಅಲ್ಲಿನ ಮಿನುಗೂ ಹೋಗಿ, ಚೌಕಾಕಾರದ ಮಂಜು ಕವಿದಂತೆ ಒಂದು ಮಬ್ಬು ಕೂತಿತು. ಈಗ ಆ ಬಾಗಿಲಿನಲ್ಲಿ ಒಂದು ಕೊಳವಿತ್ತು, ಕೊಳದ ಸುತ್ತ ಮೋಡವಿತ್ತು, ಮೋಡದ ಸುತ್ತ ಬೂದಿಯಿತ್ತು. ಚಿತ್ರ ಕಲಿಸಲು ಹೊರಟವಳ ಕಾರು ಎಂದು ಯಾರಾದರೂ ಸುಲಭವಾಗಿ ನಂಬಬಹುದಿತ್ತು.

ಅದೇ ಹೊತ್ತಿಗೆ ಗಂಡನ ಫೋನು ಬಂತು. ಅವಳು ಒದ್ದೆ ಕೈಯಲ್ಲೇ ಎತ್ತಿದಳು.

"ಏನ್ ಮಾಡ್ತಿದ್ದೀಯ?"

"ಬಟ್ಟೆ ಒಗೀತಾ ಇದ್ದೆ ರೀ."

"ಕಾರು ತೆಗೆದಿದ್ಯಾ?"

"ನಿನ್ನೆ. ಒಂದೇ ಸುತ್ತು."

"ಹೂಂ. ಏನೂ ಆಗ್ಲಿಲ್ವಾ?"

"ಏನಾಗುತ್ತೆ?"

"ಅಲ್ಲ, ಹೊಸಬಳು ನೀನು. ಏನಾದ್ರೂ ಸಣ್ಣಪುಟ್ಟದ್ದು ಆಗಿದ್ರೆ ಹೇಳ್ಬಿಡು. ನಾನೇನೂ ಬಯ್ಯಲ್ಲ."

ಆ ಧ್ವನಿಯಲ್ಲಿ ಅವನು ಎಂದೂ ಮಾತಾಡಿರಲಿಲ್ಲ. ಅವಳಿಗೆ ಜ್ವರ ಬಂದಾಗಲೂ ಇಲ್ಲ. ಹೇಳಿಬಿಡಲೇ? ಹೇಳಿ ಹಗುರವಾಗಿಬಿಡಲೇ? ಇಷ್ಟು ವರ್ಷದಲ್ಲಿ ಹೀಗೆ ಕೇಳಿದ್ದು ಇದೇ ಮೊದಲಲ್ಲವೇ? ಆದರೆ ಬಯ್ಯುವುದಿಲ್ಲ ಎಂದಿದ್ದ, ಕೀಲಿ ಕೇಳುವುದಿಲ್ಲ ಎಂದಿರಲಿಲ್ಲ. ಬಯ್ಯದೆಯೂ ಕೀಲಿ ಕಿತ್ತುಕೊಳ್ಳಬಹುದು. ಅವಳ ಬದುಕಿನಲ್ಲಿ ಎಷ್ಟೋ ವಸ್ತುಗಳು ಬೈಗುಳವಿಲ್ಲದೆಯೇ ಕೈ ಬಿಟ್ಟು ಹೋಗಿದ್ದವು.

"ಏನೂ ಆಗಿಲ್ಲ ರೀ," ಎಂದಳು.

"ಚೆನ್ನಾಗಿ ನೋಡಿದ್ಯಾ?" ಎಂದ.

"ನೋಡಿದೆ."

"ಎಲ್ಲಾ ಕಡೆ?"

"ಎಲ್ಲಾ ಕಡೆ."

ಅವನು ಯಾಕೋ ಬೇಸರವಾದವನಂತೆ ಫೋನಿಟ್ಟ.

ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ರಾಜಕೀಯ ಬದಲಾಗಿತ್ತು. ಮಾವನ ತೋಳು ಸೋತು, "ಇದು ನಮ್ಮಂಥೋರ ಕೈಲಿ ಆಗೋ ಕೆಲಸ ಅಲ್ಲಮ್ಮ. ಅಂಗಡಿಗೇ ಬಿಟ್ಬಿಡು. ಫೋಟೋ ಹೋದ್ರೆ ಹೋಗ್ಲಿ" ಎಂದು ಮೆಟ್ಟಿಲ ಮೇಲೆ ಕೂತರು. ಅಕ್ಕನಿಗೆ ಮಾತ್ರ ಈಗ ಆವೇಶ ಬಂದಿತ್ತು. "ಏನ್ ಮಾತು ಅಂತ ಆಡ್ತೀರ ಮಾವ! ಅರ್ಧ ಮುಖ ಫೇಶಿಯಲ್ ಮಾಡಿ ಗಿರಾಕೀನ ರಸ್ತೆಗೆ ಬಿಡೋಕಾಗುತ್ತಾ? ಬೋರ್ಡ್ ಇರೋರು ಮಾಡೋದನ್ನ ನಾವು ಮಾಡಿ ತೋರಿಸ್ಬೇಕು!" ಬೆಳಿಗ್ಗೆ ಯಾರು ಯಾವ ಪಕ್ಷದಲ್ಲಿದ್ದರು ಎಂಬುದು ಇಬ್ಬರಿಗೂ ನೆನಪಿರಲಿಲ್ಲ. ನಿರ್ಧರಿಸಬೇಕಾದವಳನ್ನು ಯಾರೂ ಕೇಳಲಿಲ್ಲ. ಅವಳು ಆಗಲೇ ಮುಂಬಾಗಿಲನ್ನು ಉಜ್ಜಲು ತೊಡಗಿದ್ದಳು. ಹಿಂಬಾಗಿಲು ಹೊಳೆದರೆ ಮುಂಬಾಗಿಲು ಮಂಕು. ಮುಂಬಾಗಿಲು ಹೊಳೆದರೆ ಮೂತಿ ಮಂಕು. ಎಡಗಡೆ ಪೂರಾ ಹೊಳೆದರೆ ಬಲಗಡೆ ಸವತಿಯ ಮಗಳಂತೆ ಮುಖ ಊದಿಸಿಕೊಳ್ಳುತ್ತದೆ. ಒಂದು ಸುಳ್ಳನ್ನು ಮುಚ್ಚಲು ಹೊರಟವರಿಗೆ ನಿಲ್ಲುವ ಜಾಗ ಎಲ್ಲಿದೆ?

ಅಕ್ಕ ಪಾರ್ಲರಿನಿಂದ ಬೆನ್ನು ಉಜ್ಜುವ ಮಸಾಜ್ ಮೆಷಿನ್ ತಂದು, ಅದರ ತಲೆಗೆ ಟವೆಲ್ಲು ಬಿಗಿದಳು. ವೈರು ಸಾಲದೆ, ಕಿಟಕಿಯಿಂದ ಕೈ ಹಾಕಿ, ಅತ್ತೆಯ ಫ್ಯಾನಿನ ಪ್ಲಗ್ಗು ಕಿತ್ತು ಇದನ್ನು ಚುಚ್ಚಿದಳು.

"ಫ್ಯಾನ್ ನಿಂತೋಯ್ತು!" ಎಂದರು ಅತ್ತೆ.

"ಕರೆಂಟ್ ಹೋಗಿದೆ ಅತ್ತೆ."

"ನನ್ನ ಕರೆಂಟ್ ಹೋಗಿ, ಅಂಗಳದಲ್ಲಿ ಅದೇನದು ಗುಂಯ್ ಅಂತಿರೋದು?"

"ಜೇನುಹುಳ ಅಜ್ಜಿ!" ಎಂದರು ಮೆಟ್ಟಿಲ ಮೇಲಿನಿಂದ ಮಾವ. ಅತ್ತೆ ತಮಗಿಂತ ಕಿರಿಯರು ಎಂಬುದನ್ನು ಅವರು ಯಾವತ್ತೂ ಒಪ್ಪಿದವರಲ್ಲ. ಒಳಗಿಂದ ಮಾವನ ವಂಶಾವಳಿಯ ಕುರಿತು ಕೆಲವು ಮಾತು ಬಂದವು, ಮೆಷಿನಿನ ಸದ್ದಿನಲ್ಲಿ ಮುಳುಗಿಹೋದವು.

ಕಾರಿನ ಮಾಡು ಉಜ್ಜುವ ಹೊತ್ತಿಗೆ ಎದುರು ಮನೆಯ ಬಾಗಿಲಲ್ಲಿ ಹಸಿರು ಮುಖವೊಂದು ಕಾಣಿಸಿತು. ಲೇಪ ಒಣಗಿ ಬಿರುಕು ಬಿಟ್ಟು, ತುಟಿ ಅಲ್ಲಾಡಿಸಲಾಗದೆ, ಗಿರಾಕಿ ಕೈಸನ್ನೆಯಲ್ಲೇ ಏನೋ ಕೂಗುತ್ತಿದ್ದಳು. "ಅಯ್ಯೋ, ಇವಳೊಬ್ಬಳಿದ್ದಳಲ್ಲ!" ಎಂದು ಅಕ್ಕ ಓಡಿದಳು. ಅರ್ಧ ಗಂಟೆಯ ಲೇಪ ಅರ್ಧ ದಿನ ಕೂತ ಫಲವೋ ಏನೋ, ತೊಳೆದ ಮೇಲೆ ಆ ಮುಖವೂ ಕಾರಿನಷ್ಟೇ ಹೊಳೆಯಿತು ಎಂದು ಅಕ್ಕ ಆಮೇಲೆ ಹೇಳಿಕೊಂಡಳು.

ಹೊತ್ತು ಇಳಿಯುವಾಗ ಕಾರು ಮುಗಿ​ಯಿತು. ಅದು ಕಾರಿನಂತೆ ಕಾಣುತ್ತಿರಲಿಲ್ಲ, ಅಂಗಳದಲ್ಲಿ ಯಾರೋ ಇಳಿಸಿಟ್ಟ ಕೆರೆಯ ತುಂಡಿನಂತೆ ಕಾಣುತ್ತಿತ್ತು. ಅದರ ಬಾಗಿಲಿನಲ್ಲಿ ಅವಳು ತನ್ನ ಮುಖ ನೋಡಿಕೊಂಡಳು. ಹಣೆಯ ಮೇಲೆ ಕಾಂಪೌಂಡು, ಕೂದಲು ಕೆದರಿ ಗುಬ್ಬಿಗೂಡು. ಆದರೂ ಆ ಮುಖ ಸೋಮವಾರ ಕೆಲಸಕ್ಕೆ ಹೋಗುವವಳದು. ಎರಡೂ ತೋಳುಗಳು ಬೇರೆ ಯಾರದೋ ಎಂಬಂತೆ ಜೋತು ಬಿದ್ದಿದ್ದವು. ಅವಳಿಗೆ ನಗು ಬಂತು.

ಗಂಡ ಆಟೋದಿಂದ ಇಳಿದಾಗ ಮೂವರೂ ಗ್ರೂಪ್ ಫೋಟೋಗೆ ನಿಂತವರಂತೆ ಸಾಲಾಗಿ ನಿಂತಿದ್ದರು.

"ನಿಮಗೆ ಆಶ್ಚರ್ಯ ಆಗ್ಲಿ ಅಂತ ಇಡೀ ದಿನ ಕೂತು ಉಜ್ಜಿದ್ದಾಳೆ, ನೋಡಿ," ಎಂದಳು ಅಕ್ಕ. ಸುಳ್ಳು ಹೇಳುವಾಗ ಆಕೆಯ ಧ್ವನಿ ಇನ್ನೂ ಸಿಹಿಯಾಗುತ್ತಿತ್ತು.

"ಬೇರೆ ಏನೂ ಕಾರಣ ಇಲ್ಲ," ಎಂದು ಮಾವ ಯಾರೂ ಕೇಳದಿದ್ದರೂ ಸೇರಿಸಿದರು.

ಗಂಡ ಬ್ಯಾಗು ಕೆಳಗಿಟ್ಟ. ಹೊಳೆಯುವ ಮೂತಿಯ ಕಡೆ ನೋಡಲಿಲ್ಲ, ಮಾಡಿನ ಕಡೆ ನೋಡಲಿಲ್ಲ. ನೆಟ್ಟಗೆ ಎಡಗಡೆಗೆ ಹೋದ. ಹಿಂಬಾಗಿಲ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಹಿಡಿಕೆಯ ಕೆಳಗೆ ಅಂಗೈ ಇಟ್ಟು ಸವರಿದ. ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ.

"ಎಲ್ಲಿ..." ಎಂದವನು ತಡೆದುಕೊಂಡ.

"ಎಲ್ಲಿ ಏನು?" ಎಂದರು ಮಾವ.

"ಎಲ್ಲಿ ಕಲಿತೆ ಇವಳೇ ಇದನ್ನೆಲ್ಲ?" ಎಂದು ಎದ್ದು ನಿಂತು ಮಂಡಿ ಒರೆಸಿಕೊಂಡ.

ಅವಳ ಮನಸ್ಸಿನ ಮೂಲೆಯಲ್ಲಿ ಏನೋ ಒಂದು ತಿರುಗಿದಂತಾಯಿತು. ಆದರೆ ಅಷ್ಟರಲ್ಲಿ ಅವನ ಮುಖ ಅರಳಿತ್ತು. ಹತ್ತು ವರ್ಷ ಚಿಕ್ಕವನಾಗಿ ಕಾರಿನ ಸುತ್ತ ಸುತ್ತಿದ. ಮೊಬೈಲಿನಲ್ಲಿ ಚಿತ್ರ ತೆಗೆದ. ಗೆಳೆಯನಿಗೆ ಫೋನು ಮಾಡಿ, "ಶೋರೂಮಿಂದ ಈಗ ತಾನೇ ಇಳಿದ ಹಾಗಿದೆ ಕಣೋ" ಎಂದ. ಅಕ್ಕ ಅವಳಿಗೆ ಕಣ್ಣು ಮಿಟುಕಿಸಿದಳು. ಗೆದ್ದೆವು ಎಂದು ಮೂವರಿಗೂ ಅನ್ನಿಸಿತು.

ಗಂಡ ಒಳಗೆ ಹೋದ. ಬಾಗಿಲ ಪಕ್ಕದ ಮೊಳೆಯಿಂದ ಕಾರಿನ ಕೀಲಿ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ.

"ಅದು ಯಾಕೆ ರೀ?"

"ಯಾಕೆ ಅಂದ್ರೆ? ಇಂಥಾ ಕಾರನ್ನ ಆ ಸೇತುವೆ ಧೂಳಲ್ಲಿ ಓಡಿಸೋದಾ? ನಾನೇ ಮುಟ್ಟಲ್ಲ ಇನ್ಮೇಲೆ. ಎಲ್ಲಾದ್ರೂ ಒಂದು ಗೀರು ಬಿದ್ರೆ?"

"ಸೋಮವಾರ ಶಾಲೆ..."

"ಕೆಲಸ ಇನ್ನೊಂದು ಸಿಗುತ್ತೆ ಇವಳೇ. ಇಂಥಾ ಹೊಳಪು ಸಿಗುತ್ತಾ?" ಎಂದು ಅವಳ ಬೆನ್ನು ತಟ್ಟಿದ. "ಎಷ್ಟು ಕಷ್ಟಪಟ್ಟಿದ್ದೀಯ! ನಿನ್ನ ಕಷ್ಟಕ್ಕಾದ್ರೂ ಬೆಲೆ ಬೇಡ್ವಾ?"

"ಅದೇ ಸರಿ," ಎಂದರು ಒಳಗಿಂದ ಅತ್ತೆ. ಫ್ಯಾನು ಮತ್ತೆ ತಿರುಗತೊಡಗಿದ್ದರಿಂದ ಅವರ ಮನಸ್ಸೂ ತಂಪಾಗಿತ್ತು. "ಇವಳು ಹೋದ್ರೆ ಮಧ್ಯಾಹ್ನ ನನ್ನ ಮಾತ್ರೆ ಕೊಡೋರ್ಯಾರು?"

ಅಂಗಳದಲ್ಲಿ ಅಕ್ಕನೂ ಮಾವನೂ ಮುಖ ಮುಖ ನೋಡಿಕೊಂಡು, ಹೆಚ್ಚು ಸದ್ದಾಗದಂತೆ ಅವರವರ ಮನೆಗೆ ಹೋದರು. ಗಂಡ ಹೊರಗೆ ಹೋಗಿ ಕಾರಿಗೆ ಮುಸುಕು ಹೊದಿಸಿದ. ಒಂದು ಸಾಲದೆಂದು ಅವಳು ಬೆಳಿಗ್ಗೆ ಒಗೆದು ಒಣಹಾಕಿದ್ದ ಹಾಸಿಗೆಯ ಹೊದಿಕೆಯನ್ನೂ ಎಳೆದು ತಂದು ಮೇಲೆ ಹಾಸಿದ.

ಅವಳು ಅವನ ಬ್ಯಾಗು ಬಿಚ್ಚಿ ಕೊಳೆಬಟ್ಟೆ ತೆಗೆಯುತ್ತ ಬಚ್ಚಲಲ್ಲಿ ಕೂತಳು. ಅಳಬೇಕೆನ್ನಿಸಲಿಲ್ಲ. ತೋಳಿನಲ್ಲಿ ಕಣ್ಣೊರೆಸಿಕೊಳ್ಳುವಷ್ಟೂ ಶಕ್ತಿಯಿರಲಿಲ್ಲ ಎಂಬುದೂ ಒಂದು ಕಾರಣ. ಅಂಗಿ, ಪ್ಯಾಂಟು, ಕಾಲುಚೀಲ. ಪ್ಯಾಂಟಿನ ಜೇಬಿನಲ್ಲಿ ಮುದ್ದೆಯಾದ ಕರವಸ್ತ್ರ. ಬಿಡಿಸಲು ಹೋದರೆ ಗಂಜಿ ಹಾಕಿದಂತೆ ಗಟ್ಟಿಯಾಗಿತ್ತು. ಒಣಗಿದ ಬಿಳಿ ಪುಡಿ ಉದುರಿತು. ನಡುವೆ ಹಳದಿಯ ಒಂದು ಪಟ್ಟೆ.

ಅವಳು ಅದನ್ನು ಮೂಗಿನ ಹತ್ತಿರ ಒಯ್ದಳು. ಪುದೀನ.

ಗೂಡಿನಲ್ಲಿದ್ದ ಚಪ್ಪಟೆ ಟ್ಯೂಬಿನ ಕಡೆ ಒಮ್ಮೆ ನೋಡಿದಳು. ಗಂಡನ ಆಫೀಸಿನ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವ ಜಾಗವನ್ನು ಅವಳು ಒಮ್ಮೆ ನೋಡಿದ್ದಳು. ಅಲ್ಲಿನ ಕಂಬಗಳಿಗೆಲ್ಲ ಸೊಂಟದೆತ್ತರಕ್ಕೆ ಹಳದಿ ಬಳಿದಿದ್ದರು. ಎಡಮೈಯನ್ನು ಗೋಡೆಗೆ ಆನಿಸಿದ್ದು ನೆನಪಾಯಿತು. ಅಂಗೈಯಲ್ಲಿ ಕೀಲಿಯಿಟ್ಟು ಬೆರಳು ಮಡಚಿದ್ದು, "ನಾನೇನೂ ಬಯ್ಯಲ್ಲ" ಎಂದದ್ದು, "ಚೆನ್ನಾಗಿ ನೋಡಿದ್ಯಾ?" ಎಂದು ಬೇಸರಪಟ್ಟದ್ದು ಒಂದೊಂದೇ ಬಂದು ಸಾಲಾಗಿ ನಿಂತವು. ಪಾಪ, ಅವನು ಎರಡು ದಿನದಿಂದ ಅವಳ ತಪ್ಪೊಪ್ಪಿಗೆಗೆ ಕಾದು ಕೂತಿದ್ದ. ಅವಳು ಇಡೀ ದಿನ ತೋಳು ಸವೆಸಿ ಅವನ ತಪ್ಪನ್ನು ಅಳಿಸಿ, ಹಳದಿಯನ್ನು ಮೋರಿಗೆ ಹರಿಸಿ, ಮೇಲೆ ಕೀಲಿಯನ್ನೂ ಒಪ್ಪಿಸಿದ್ದಳು.

ಕರವಸ್ತ್ರ ಹಿಡಿದುಕೊಂಡು ಹೊರಗೆ ಹೋಗಬಹುದಿತ್ತು. ಹೋಗಿ ಅವನ ಮುಖದೆದುರು ಹಿಡಿಯಬಹುದಿತ್ತು. ಅವನು ಮೊದಲು ಇಲ್ಲವೆನ್ನುತ್ತಾನೆ, ಆಮೇಲೆ ಸಿಟ್ಟಾಗುತ್ತಾನೆ, ಆಮೇಲೆ ಅತ್ತೆ ನಡುವೆ ಬರುತ್ತಾರೆ. ಕೊನೆಗೆ ಮಾತು ಎಲ್ಲಿಗೆ ಹೋಗಿ ನಿಂತರೂ ಕೀಲಿ ಅವನ ಜೇಬಿನಲ್ಲೇ ಇರುತ್ತದೆ.

ಅವಳು ಕರವಸ್ತ್ರವನ್ನು ನೀರಿಗೆ ಹಾಕಿದಳು. ಅದು ಮೆಲ್ಲಗೆ ಮೆತ್ತಗಾಗಿ ಅರಳುವುದನ್ನು ನೋಡುತ್ತ ಕೂತಳು.

ಅವನು ತಾನಾಗಿ ಕೀಲಿ ಕೊಟ್ಟಿದ್ದು ಒಂದೇ ಒಂದು ಸಲ. ಎಡಗಡೆಯ ಹಿಂಬಾಗಿಲಿನಲ್ಲಿ ಗೀರು ಬಿದ್ದ ದಿನ.

ಆ ಗೀರು ಅವಳಿಗೆ ತನ್ನ ಅಂಗೈ ರೇಖೆಗಿಂತ ಚೆನ್ನಾಗಿ ಗೊತ್ತಿತ್ತು. ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಎಲ್ಲಿ ತುಸು ಬಾಗುತ್ತದೆ, ಎಲ್ಲೆಲ್ಲಿ ಹಳದಿ. ಉದ್ದಕ್ಕೆ ಮಾವನ ಎಂಟು ಇಂಚಿನ ಅಂದಾಜಿತ್ತು. ಹಳದಿ ಬಣ್ಣ ಶಾಲೆಗೆಂದು ಜೋಡಿಸಿಟ್ಟ ಪೆಟ್ಟಿಗೆಯಲ್ಲೇ ಇದೆ. ಅದನ್ನೇ ಮತ್ತೆ ಎಳೆಯಲು ಪಾತ್ರೆ ಉಜ್ಜುವ ತಂತಿಯ ಒಂದು ಎಳೆ ಸಾಕು. ಕೈ ಹಗುರವಾಗಿರಬೇಕು, ಉಗುರಿಗೆ ಸಿಗಬಾರದು. ನಾಳೆ ಭಾನುವಾರ. ಊಟವಾದ ಮೇಲೆ ಅವನು ಮಲಗುತ್ತಾನೆ, ಎದ್ದ ಕೂಡಲೇ ಮುಸುಕು ಎತ್ತಿ ನೋಡದೆ ಇರುವುದಿಲ್ಲ. ತನ್ನ ಗೀರೇ ಹೊಳಪಿನ ಅಡಿಯಿಂದ ಮತ್ತೆ ಎದ್ದು ಬಂದಿದೆ ಎಂದುಕೊಳ್ಳುತ್ತಾನೆ. ಆಮೇಲೆ ಅವನು ಏನು ಮಾಡುತ್ತಾನೆ ಎಂಬುದನ್ನು ಅವಳು ಮೊನ್ನೆಯೇ ನೋಡಿದ್ದಾಳೆ.

"ಇವಳೇ," ಎಂದು ಅಂಗಳದಿಂದ ಗಂಡ ಕೂಗಿದ. "ಅಷ್ಟು ಹೊತ್ತಿಂದ ಏನ್ ಮಾಡ್ತಿದ್ದೀಯ ಒಳಗೆ?"

"ಬಟ್ಟೆ ನೆನೆಸ್ತಾ ಇದೀನಿ ರೀ," ಎಂದಳು.